ಬಿಟ್ಟುಬಿಡುವ ಮೀನಿಗೆ ಎಂಥ ರೀಲು?

ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುವವನು ಎಂಥ ರೀಲು ಕೊಳ್ಳಬೇಕು? ಮೇಲುನೋಟಕ್ಕೆ ಇದು ಅಂಗಡಿಯಲ್ಲಿ ಮುಗಿಯುವ ಪ್ರಶ್ನೆ. ಬೆಲೆ ಎಷ್ಟು, ತೂಕ ಎಷ್ಟು, ಎಷ್ಟು ವರ್ಷ ಬಾಳಿಕೆ ಬರುತ್ತದೆ ಎಂದು ವಿಚಾರಿಸಿ, ದುಡ್ಡು ಕೊಟ್ಟು ಎದ್ದು ಬರಬಹುದು. ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿರುವ ನನ್ನ ಅಕ್ಕನ ಮಗ ಕೇಳಿದ್ದೂ ಹಾಗೆಯೇ: "ಮಾವ, 2000 ಸೈಜ್ ತಗೊಳ್ಳಲಾ, 4000 ತಗೊಳ್ಳಲಾ?" ಇದಕ್ಕೆ ಉತ್ತರ ಹುಡುಕುವುದರಲ್ಲಿ ನಮಗೆ ಒಂದು ಬೇಸಿಗೆ ಪೂರ್ತಿ ಹೋಯಿತು, ಮಳೆಗಾಲವೂ ಅರ್ಧ ಹೋಯಿತು. ಆ ಎರಡು ಸಂಖ್ಯೆಗಳ ನಡುವೆ ಒಂದೆರಡು ಸಾವಿರ ರೂಪಾಯಿಯ ವ್ಯತ್ಯಾಸವಿದೆ, ಸರಿ. ಅದರ ಜೊತೆಗೆ, ಈ ಆಟದ ಖರ್ಚನ್ನು ಯಾರ ಮೈಮೇಲೆ ಹಾಕಬೇಕು ಎನ್ನುವ ಪ್ರಶ್ನೆಯೂ ಇದೆ.

ಗಾಳ ಎಂದರೆ ಬಿದಿರು ಕೋಲು, ನೈಲಾನ್ ದಾರ, ಎರೆಹುಳು ಎಂದಷ್ಟೇ ಗೊತ್ತಿರುವವರಿಗೆ ಎರಡು ಮಾತು ಹೇಳಬೇಕು. ಹುಡುಗ ಮೀನು ಹಿಡಿಯಲು ಹೊರಟದ್ದು ಲೂರ್ ಹಾಕಿ. ಅದರಲ್ಲಿ ತಿನ್ನುವಂಥದ್ದು ಏನೂ ಇರುವುದಿಲ್ಲ. ರಬ್ಬರಿನ ಕಪ್ಪೆ, ತಗಡಿನ ಚಮಚ, ಬಣ್ಣ ಬಳಿದ ಪ್ಲಾಸ್ಟಿಕ್ ಮೀನು, ಹೀಗೆ ಯಾವುದೋ ಒಂದು ಹುಸಿಯನ್ನು ದೂರಕ್ಕೆ ಎಸೆದು, ಅದು ಬದುಕಿದೆ ಎಂದು ಮೀನು ನಂಬುವ ಹಾಗೆ ಎಳೆದುಕೊಳ್ಳಬೇಕು. ದಡದಲ್ಲಿ ಬೀಡಿ ಹಚ್ಚಿಕೊಂಡು ಕೂರುವುದಕ್ಕೆ ಇಲ್ಲಿ ಪುರಸೊತ್ತಿಲ್ಲ. ಒಂದು ಬೆಳಗ್ಗೆಗೆ ಇನ್ನೂರು ಮುನ್ನೂರು ಸಲ ಎಸೆಯಬೇಕು, ಅಷ್ಟೇ ಸಲ ಸುತ್ತಬೇಕು. ಆದ್ದರಿಂದಲೇ ಈ ಆಟದವರು ಸೇರಿದ ಕಡೆ ಕೋಲಿಗಿಂತ ರೀಲಿನ ಮಾತೇ ಹೆಚ್ಚು.

ಸ್ಪಿನ್ನಿಂಗ್ ರೀಲಿನ ಮೂಲ ನೂಲಿನ ಗಿರಣಿಯಲ್ಲಿದೆ. ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಗಿರಣಿ ಮಾಲೀಕ ಆಲ್ಫ್ರೆಡ್ ಇಲಿಂಗ್‌ವರ್ತ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಗಿರಣಿಯಲ್ಲಿ ನೂಲು ಸುತ್ತಿದ ಕಡ್ಡಿ ನಿಂತಲ್ಲೇ ನಿಂತಿರುತ್ತದೆ, ನೂಲು ಮಾತ್ರ ಅದರ ತುದಿಯಿಂದ ಜಾರಿ ಬರುತ್ತದೆ. ಗಾಳದ ದಾರವೂ ಹಾಗೆ ಬಂದರೆ ತೀರ ಹಗುರವಾದ ಲೂರನ್ನೂ ದೂರ ಎಸೆಯಬಹುದು ಎಂದು ಅವನಿಗೆ ಹೊಳೆಯಿತು. ನಮ್ಮ ಮಗ್ಗದ ಲಾಳಿಯೊಳಗಿನ ಕಂಡಿಕೆ ಮಾಡುವುದೂ ಅದನ್ನೇ. ಬಿನ್ನಿ ಮಿಲ್ಲಿನಲ್ಲಿ ದುಡಿದ ಅಜ್ಜ ಒಬ್ಬರು ಮಾರೇನಹಳ್ಳಿಯಲ್ಲಿ ನಮ್ಮ ಬೀದಿಯಲ್ಲೇ ಇದ್ದಾರೆ. ಹುಡುಗ ರೀಲನ್ನು ಕೈಗೆ ಕೊಟ್ಟ ಕೂಡಲೇ "ಕಂಡಿಕೆ ಕಣಯ್ಯ ಇದು" ಎಂದರು. ಹಾಗಾಗಿ ನಾನೂ ಸ್ಪೂಲ್ ಎನ್ನದೆ ಕಂಡಿಕೆ ಎಂದೇ ಬರೆಯುತ್ತೇನೆ.

ರೀಲಿನ ಡಬ್ಬಿಯ ಮೇಲೆ ಅಚ್ಚಾದ ಅಂಕಿಗಳಲ್ಲಿ ಅರ್ಧಕ್ಕರ್ಧ ಮಾರುವುದಕ್ಕೆಂದೇ ಇರುವಂಥವು. ಬೇರಿಂಗ್ ಹತ್ತಿವೆ, ಹನ್ನೆರಡಿವೆ ಎನ್ನುತ್ತಾರೆ. ನಾಲ್ಕು ಒಳ್ಳೆಯ ಬೇರಿಂಗ್ ಇದ್ದರೆ ಧಾರಾಳವಾಯಿತು. 2000, 4000 ಎನ್ನುವುದು ಗಾತ್ರದ ಅಂದಾಜು ಅಷ್ಟೆ. ಶಿಮಾನೊ ಕಂಪನಿಯ 3000ಕ್ಕೂ ಡೈವಾ ಕಂಪನಿಯ 3000ಕ್ಕೂ ಸರಿಹೊಂದಲೇಬೇಕೆಂದಿಲ್ಲ. ಗೇರ್ 6.2:1 ಎಂದರೆ ಹಿಡಿಯನ್ನು ಒಂದು ಸುತ್ತು ತಿರುಗಿಸಿದಾಗ ಕಂಡಿಕೆಯ ಸುತ್ತಲಿನ ರೋಟರ್ 6.2 ಸುತ್ತು ಹೊಡೆದು ದಾರ ಸುತ್ತುತ್ತದೆ. 5.2:1 ಆದರೆ ನಿಧಾನ, ಆದರೆ ಎಳೆಯುವ ಬಲ ಹೆಚ್ಚು. ಮೈ ಗ್ರಾಫೈಟೋ ಅಲ್ಯೂಮಿನಿಯಮ್ಮೋ, ಹಿಡಿ ಮರದ್ದೋ ರಬ್ಬರಿನದೋ, ಇವೆಲ್ಲ ಹಿಡಿಯುವವನ ಕೈಗೆ ಸಂಬಂಧಿಸಿದ ಸಂಗತಿಗಳು. ದಾರದ ಆ ತುದಿಯಲ್ಲಿರುವ ಪ್ರಾಣಿಗೆ ನೇರವಾಗಿ ತಾಕುವ ಭಾಗ ಒಂದೇ. ಅದು ಡ್ರ್ಯಾಗ್.

ಕಂಡಿಕೆಯ ತಲೆಯ ಮೇಲೆ ಒಂದು ತಿರುಪು ಇರುತ್ತದೆ. ಅದರ ಕೆಳಗೆ ಒಂದರ ಮೇಲೊಂದು ಕೂತ ಬಿಲ್ಲೆಗಳು. ಅಗ್ಗದ ರೀಲಿನಲ್ಲಿ ಫೆಲ್ಟ್, ದುಬಾರಿ ರೀಲಿನಲ್ಲಿ ಕಾರ್ಬನ್. ತಿರುಪು ಬಿಗಿದಷ್ಟೂ ಬಿಲ್ಲೆಗಳು ಒತ್ತಿಕೊಳ್ಳುತ್ತವೆ. ನಾವು ಇಟ್ಟ ಬಿಗಿಗಿಂತ ಹೆಚ್ಚು ಬಲ ಹಾಕಿ ಮೀನು ಎಳೆದರೆ ಕಂಡಿಕೆ ತಾನೇ ಜಾರಿ ದಾರ ಬಿಟ್ಟುಕೊಡುತ್ತದೆ. ದಾರ ತಾಳುವ ತೂಕದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಬಿಗಿ ಇಡುವುದು ವಾಡಿಕೆ. 12 ಕೆಜಿ ತಾಳುವ ದಾರವಾದರೆ 3ರಿಂದ 4 ಕೆಜಿ. ದಾರದ ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆದರೆ ಗೊತ್ತಾಗುತ್ತದೆ. ಒಳ್ಳೆಯ ಡ್ರ್ಯಾಗನ್ನು ಗುರುತಿಸುವುದು ಅದು ಬಿಡುವ ರೀತಿಯಲ್ಲಿ. ಕೆಟ್ಟದ್ದು ಮೊದಲು ಕಚ್ಚಿಕೊಂಡು ಕೂತು ಆಮೇಲೆ ಒಮ್ಮೆಗೇ ಜಗ್ಗೆಂದು ಬಿಡುತ್ತದೆ; ಆ ಜಗ್ಗಿಗೆ ದಾರ ಹರಿಯುತ್ತದೆ, ಇಲ್ಲವೇ ಮೀನಿನ ತುಟಿ ಹರಿಯುತ್ತದೆ. ಇಷ್ಟು ಕೇಳಿ ಹುಡುಗ, "ಅಂದ್ರೆ ರೀಲಿಗೂ ಕರುಣೆ ಇದೆ" ಎಂದ. ಹಾಗೇನಿಲ್ಲ. ಡ್ರ್ಯಾಗ್ ಇರುವುದು ದಾರ ಉಳಿಸಿಕೊಳ್ಳಲು. ಬಿಟ್ಟುಬಿಟ್ಟು ಎಳೆದರೆ ಮೀನು ಬೇಗ ದಣಿಯುತ್ತದೆ ಎನ್ನುವ ಲೆಕ್ಕ ಅದರಲ್ಲಿದೆ.

ಅವನಿಗೆ ಮನಸ್ಸಿದ್ದದ್ದು 2000 ಗಾತ್ರದ ಚಿಕ್ಕ ರೀಲಿನ ಮೇಲೆ. ಅದಕ್ಕೆ 3 ಕೆಜಿ ತಾಳುವ ಕೂದಲಿನಂಥ ದಾರ. ಅವನ ಕಾರಣಗಳು ಎರಡು. ಒಂದು, ಮಜಾ: ಸಣ್ಣ ರೀಲಿನಲ್ಲಿ ಸಣ್ಣ ಮೀನೂ ದೊಡ್ಡದಾಗಿ ಆಡುತ್ತದೆ, ಕೋಲು ಬಾಗುತ್ತದೆ, ಡ್ರ್ಯಾಗ್ ಕಿರ್ರೆನ್ನುತ್ತದೆ. ಎರಡನೆಯದು ನ್ಯಾಯ, ನನಗೆ ಕುತೂಹಲ ಹುಟ್ಟಿಸಿದ್ದು ಅದು. "ದಪ್ಪ ದಾರ ಹಾಕಿ ದರದರ ಎಳೆಯೋದು ಮೋಸ ಮಾವ. ತೆಳು ದಾರದಲ್ಲಿ ಮೀನಿಗೂ ಒಂದು ಚಾನ್ಸ್ ಇರುತ್ತೆ" ಎಂದ. ಇದು ಅವನೊಬ್ಬನ ಮಾತಲ್ಲ. ಹವ್ಯಾಸಿ ಗಾಳಗಾರರ ಲೋಕದಲ್ಲಿ ಬಹಳ ಹಿಂದಿನಿಂದ ಗೌರವ ಪಡೆದ ಮಾತು. 1939ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಗೇಮ್ ಫಿಶ್ ಅಸೋಸಿಯೇಷನ್ ದಾರದ ಬಲಕ್ಕೆ ತಕ್ಕಂತೆ ಬೇರೆ ಬೇರೆ ವರ್ಗ ಮಾಡಿ ದಾಖಲೆ ಬರೆದುಕೊಳ್ಳುತ್ತದೆ. ಎಷ್ಟು ತೆಳು ದಾರವೋ ಅಷ್ಟು ದೊಡ್ಡ ಹೆಸರು.

ಈ ನ್ಯಾಯವನ್ನು ನೀರಿನೊಳಗಿಂದ ನೋಡಿ. ಮೀನಿಗೆ ಸಿಕ್ಕ 'ಚಾನ್ಸ್' ಎಂದರೆ ದಾರ ಹರಿದುಕೊಂಡು ಓಡುವುದು. ಹರಿದ ದಾರದ ಜೊತೆ ಗಾಳವೂ ಲೂರೂ ಬಾಯಲ್ಲೇ ಹೋಗುತ್ತವೆ. ನಮ್ಮ ಕೆರೆಗಳಲ್ಲಿ ಲೂರಿಗೆ ಬೀಳುವುದು ಹೆಚ್ಚಾಗಿ ಕೊರಮೀನು, ಅಂಗಡಿಯವರು ಮರ್ರೆಲ್ ಎನ್ನುವುದು. ಅದು ಕಚ್ಚಿದ ಕೂಡಲೇ ನುಗ್ಗುವುದು ಜೊಂಡಿನೊಳಕ್ಕೆ, ಅಂತರಗಂಗೆಯ ಬುಡಕ್ಕೆ. ಅಲ್ಲಿ ತೆಳು ದಾರ ತೊಡರಿ ತುಂಡಾದರೆ ಮೀನು ಬಿಡುಗಡೆಯಾಯಿತು ಎಂದುಕೊಳ್ಳುವುದು ದಡದಲ್ಲಿ ನಿಂತವನು ಮಾತ್ರ. ಅದು ಬೇರಿಗೆ ಕಟ್ಟಿಹಾಕಿದ ಹಾಗೆ ಅಲ್ಲೇ ಉಳಿದಿರಬಹುದು. ಹರಿಯದೆ ಉಳಿದರೋ ಆಟ ಉದ್ದವಾಗುತ್ತದೆ. ಎರಡು ನಿಮಿಷದಲ್ಲಿ ಮುಗಿಯಬೇಕಾದದ್ದು ಹತ್ತು ನಿಮಿಷ. ಆ ಎಂಟು ನಿಮಿಷ ನಮ್ಮ ಪಾಲಿಗೆ ಮಜಾ. ಅಕ್ಕ ಅಡುಗೆಮನೆಯಿಂದಲೇ ಹೇಳಿದಳು, "ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಇದಕ್ಕೆ ಇಬ್ಬರೂ ಇಷ್ಟು ಹೊತ್ತು ಚರ್ಚೆ ಮಾಡ್ಬೇಕಾ?"

ದಣಿವನ್ನು ಅಳೆದು ನೋಡಿದವರಿದ್ದಾರೆ. 1992ರಲ್ಲಿ ಕೆನಡಾದ ಫರ್ಗುಸನ್ ಮತ್ತು ಟಫ್ಟ್ಸ್ ಎನ್ನುವ ಇಬ್ಬರು ಸಂಶೋಧಕರು ರೈನ್‌ಬೋ ಟ್ರೌಟ್ ಮೀನುಗಳನ್ನು ತೊಟ್ಟಿಯಲ್ಲಿ ಸುಸ್ತಾಗುವವರೆಗೆ ಓಡಿಸಿದರು. 12 ಗಂಟೆ ಕಳೆಯುವಷ್ಟರಲ್ಲಿ ಬರೀ ಓಡಿಸಿದವುಗಳಲ್ಲಿ ಶೇ. 12 ಸತ್ತಿದ್ದವು. ಓಡಿಸಿದ ಮೇಲೆ 30 ಸೆಕೆಂಡು ನೀರಿನಿಂದ ಹೊರಗಿಟ್ಟವುಗಳಲ್ಲಿ ಶೇ. 38, ಒಂದು ನಿಮಿಷ ಹೊರಗಿಟ್ಟವುಗಳಲ್ಲಿ ಶೇ. 72. ಫೋಟೋ ತೆಗೆಸಿಕೊಳ್ಳಲು ಬೇಕಾಗುವುದು ಸರಿಸುಮಾರು ಅಷ್ಟೇ ಹೊತ್ತು. ಅದು ಸಣ್ಣ ಪ್ರಯೋಗ, ಟ್ರೌಟ್ ತಣ್ಣೀರಿನ ಮೀನು. ನಮ್ಮ ಕೊರಮೀನಿಗೆ ಗಾಳಿಯನ್ನೇ ಉಸಿರಾಡುವ ಅಂಗವಿದೆ, ಮಾರುಕಟ್ಟೆಯಲ್ಲಿ ಅದನ್ನು ಬುಟ್ಟಿಯಲ್ಲಿ ಜೀವಂತ ಇಟ್ಟು ಮಾರುತ್ತಾರೆ. ಆದ್ದರಿಂದ ಈ ಅಂಕಿಗಳನ್ನು ತಂದು ನಮ್ಮ ಕೆರೆಗೆ ಹಾಗೆಯೇ ಅಂಟಿಸುವಂತಿಲ್ಲ. ಆದರೆ ಈಜಿಕೊಂಡು ಹೋಯಿತು ಎಂದರೆ ಬದುಕಿತು ಎಂದೇ ಅರ್ಥವಲ್ಲ ಎನ್ನುವುದಕ್ಕೆ ಅವು ಸಾಕು.

ಮೀನಿಗೆ ನೋವಾಗುತ್ತದೆಯೇ ಎಂಬ ವ್ಯಾಜ್ಯವೂ ಇದೆ. ಲಿನ್ ಸ್ನೆಡನ್ ಮತ್ತು ಸಂಗಡಿಗರು 2003ರಲ್ಲಿ ಟ್ರೌಟಿನ ಮುಖದಲ್ಲಿ ನೋವಿನ ನರಗಳನ್ನು ಗುರುತಿಸಿದರು. ತುಟಿಗೆ ಆಮ್ಲ ಚುಚ್ಚಿದ ಮೀನುಗಳು ತೊಟ್ಟಿಯ ತಳದ ಕಲ್ಲಿಗೆ ತುಟಿ ಉಜ್ಜಿಕೊಂಡವು, ಬಹಳ ಹೊತ್ತು ತಿನ್ನಲಿಲ್ಲ. ನೋವು ಅನುಭವಕ್ಕೆ ಬರಲು ಬೇಕಾದ ಮಿದುಳಿನ ಭಾಗವೇ ಮೀನಿಗಿಲ್ಲ ಎಂದು ವಾದಿಸುವ ವಿಜ್ಞಾನಿಗಳೂ ಇದ್ದಾರೆ. ಈ ಮೊಕದ್ದಮೆ ತೀರ್ಮಾನವಾಗುವವರೆಗೆ ಕಾಯಬೇಕೆಂದು ನನಗೆ ಅನ್ನಿಸುವುದಿಲ್ಲ. ಸಂಶಯವಿರುವ ಕಡೆ ಅದರ ಲಾಭವನ್ನು ದಾರದ ಈ ತುದಿಯವನು ತೆಗೆದುಕೊಳ್ಳುವುದು ಸಲ್ಲ.

ಕೊನೆಗೆ 4000 ಗಾತ್ರದ್ದನ್ನೇ ತಂದೆವು. ಕಾರ್ಬನ್ ಬಿಲ್ಲೆ, 8 ಕೆಜಿಯವರೆಗೆ ಬಿಗಿಯಾಗುವ ಡ್ರ್ಯಾಗ್, 14 ಕೆಜಿ ತಾಳುವ ಹೆಣೆದ ದಾರ. ಮೂರು ಕವಲಿನ ಗಾಳ ಬಿಚ್ಚಿ ಒಂಟಿ ಗಾಳ ಹಾಕಿದೆವು, ಅದರ ಒಳಮುಳ್ಳನ್ನು ಇಕ್ಕಳದಿಂದ ಚಪ್ಪಟೆ ಮಾಡಿದೆವು. "ಮಜಾ ಅರ್ಧ ಹೋಯ್ತು" ಎಂದ ಹುಡುಗ. ಅರ್ಧ ಉಳಿಯಿತಲ್ಲ ಎಂದೆ.

ಇಲ್ಲಿಗೆ ಮುಗಿಯಿತು ಎಂದುಕೊಂಡು ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿ ಒಂದು ಕೆರೆಗೆ ಹೋದೆವು. ಕೆರೆಯ ಮೀನು ಗುತ್ತಿಗೆ ಹಿಡಿದವರ ಅಪ್ಪಣೆ ಬೇಕಲ್ಲ. ಅವರು ಸಂತೋಷದಿಂದಲೇ ಒಪ್ಪಿದರು. ಅವರು ಸಾಲ ಮಾಡಿ ಕಾಟ್ಲಾ, ರೋಹು, ಗೆಂಡೆ ಮರಿಗಳನ್ನು ತಂದು ಬಿಟ್ಟಿದ್ದಾರೆ; ಕೊರಮೀನು ಅವನ್ನು ನುಂಗುತ್ತದೆ. ಒಂದು ಕೊರಮೀನು ಕಡಿಮೆಯಾದರೆ ಅವರಿಗೆ ಅಷ್ಟು ಲಾಭ. ಆದರೆ ನಾವು ಹಿಡಿದದ್ದನ್ನು ವಾಪಸು ಬಿಡುತ್ತೇವೆ ಎಂದು ತಿಳಿದಾಗ ಅವರು ನಗಲೂ ಇಲ್ಲ, ಸಿಟ್ಟೂ ಆಗಲಿಲ್ಲ. ಏನೋ ಲೆಕ್ಕ ತಪ್ಪಿದವರ ಹಾಗೆ ನೋಡಿದರು. "ಬಿಡೋದೇ ಆದ್ರೆ ಯಾಕ್ ಸ್ವಾಮಿ ಹಿಡಿಯೋದು?"

ಐದು ಪದದ ಈ ಪ್ರಶ್ನೆಯ ಮೇಲೆ ಕಾನೂನು ಮಾಡಿದ ದೇಶಗಳಿವೆ. ಸ್ವಿಟ್ಜರ್ಲೆಂಡಿನ 2008ರ ಪ್ರಾಣಿರಕ್ಷಣಾ ನಿಯಮದ ಪ್ರಕಾರ, ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವಂತಿಲ್ಲ. ಜರ್ಮನಿಯಲ್ಲಿ ಪ್ರಾಣಿಗೆ ನೋವು ಕೊಡಲು ತಕ್ಕ ಕಾರಣ ಬೇಕು. ಊಟ ತಕ್ಕ ಕಾರಣ, ಆಟ ಅಲ್ಲ. ನಮ್ಮ ಗುತ್ತಿಗೆದಾರರ ತರ್ಕವೂ ಅದೇ, ಅಕ್ಕನದೂ ಅದೇ. "ತರೋದಾದ್ರೆ ತಾ, ಸಾರು ಮಾಡ್ತೀನಿ. ಬಿಟ್ಟು ಬರೋದಾದ್ರೆ ಆ ಜೀವಕ್ಕೆ ಯಾಕೆ ತೊಂದ್ರೆ ಕೊಡ್ತೀಯ?" ಹುಡುಗ ಎರಡು ವರ್ಷದಿಂದ ಮೀನು ಮಾಂಸ ಬಿಟ್ಟಿದ್ದಾನೆ. ಅವನ ಪ್ರಕಾರ ಬಿಟ್ಟುಬಿಡುವುದೇ ಅಹಿಂಸೆ.

ಬೆಂಗಳೂರಿನ ಲೂರ್ ಗಾಳಗಾರರಲ್ಲಿ ಇಂಥವರನ್ನು ನಾನು ಸಾಕಷ್ಟು ನೋಡಿದ್ದೇನೆ. ಮೀನು ತಿನ್ನದ ಮನೆಯವರು, ತಿನ್ನುವವರಿಗಿಂತ ತಾವು ಒಂದು ಮೆಟ್ಟಿಲು ಮೇಲೆ ಎನ್ನುವ ಧಾಟಿಯವರು. ತಲೆಮಾರುಗಳಿಂದ ಬಲೆ ಬೀಸಿ ಬದುಕಿದ ಬೆಸ್ತರನ್ನು ಕೊಲೆಗಡುಕರ ಸಾಲಿಗೆ ಸೇರಿಸಿ, ವಾರಕ್ಕೊಮ್ಮೆ ಮೀನನ್ನು ದಾರದಲ್ಲಿ ಕುಣಿಸಿ ಮನೆಗೆ ಹೋಗುವ ತಾವು ಪ್ರಾಣಿಪ್ರಿಯರು ಎಂದುಕೊಳ್ಳುತ್ತಾರಲ್ಲ, ಅದು ನನಗೆ ಸಹಿಸುವುದಿಲ್ಲ. ಬೆಸ್ತರವನು ಮೀನಿನೊಡನೆ ಆಡುವುದಿಲ್ಲ. ಅವನಿಗೆ ಅದರ ಒದ್ದಾಟದಲ್ಲಿ ಆಸಕ್ತಿಯೇ ಇಲ್ಲ, ಬೇಗ ಮುಗಿದಷ್ಟೂ ಒಳ್ಳೆಯದು.

ಕನ್ನಡ ನಾಡಿನಲ್ಲಿ ಆಳಿದ ದೊರೆಯೊಬ್ಬ ಈ ಆಟದ ಮೇಲೆ ಬರೆದಿದ್ದಾನೆ ಎಂದು ನೆನಪಿಸಬೇಕು. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ ಸುಮಾರು 1130ರಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವಿದೆ. ದಾರ, ಕೋಲು, ಗಾಳ, ಯಾವ ಮೀನಿಗೆ ಯಾವ ಆಹಾರ ಎಂಬುದೆಲ್ಲ ಅದರಲ್ಲಿ ವಿವರವಾಗಿದೆ. ರಾಜ ಅದನ್ನು ಇಟ್ಟದ್ದು ಅರಸನ ಇಪ್ಪತ್ತು ವಿನೋದಗಳ ಸಾಲಿನಲ್ಲಿ. ನನಗೆ ಆ ಪದ ಇಷ್ಟ. ಸಂರಕ್ಷಣೆ ಎನ್ನಲಿಲ್ಲ, ಪ್ರಕೃತಿಪ್ರೇಮ ಎನ್ನಲಿಲ್ಲ, ವಿನೋದ ಎಂದ. ನಾವು 'ಫೈಟ್' ಎನ್ನುತ್ತೇವೆ, ಕಾದಾಟಕ್ಕೆ ಎರಡೂ ಕಡೆಯವರು ಒಪ್ಪಿ ಬಂದಿದ್ದಾರೇನೋ ಎಂಬ ಹಾಗೆ. ಸೋಮೇಶ್ವರ ತೀರಿಕೊಂಡು ಮೂರು ದಶಕ ಕಳೆಯುವುದರೊಳಗೆ ಅದೇ ಕಲ್ಯಾಣದಲ್ಲಿ ಬಸವಣ್ಣನವರು ಸಕಲ ಪ್ರಾಣಿಗಳ ಮೇಲಿನ ದಯೆಯನ್ನು ಧರ್ಮದ ಬುಡಕ್ಕೇ ತಂದಿಟ್ಟರು. ಬಸವೇಶ್ವರನಗರ ನಮ್ಮ ಮನೆಯಿಂದ ದೂರವೇನಿಲ್ಲ. ಕಲ್ಯಾಣದ ಈ ಎರಡು ಮಾತುಗಳ ನಡುವಿನ ದಾರಿ ಮಾತ್ರ ಇನ್ನೂ ಸವೆದಿಲ್ಲ.

ಇಷ್ಟಾದರೂ ಹುಡುಗನ ಒಂದು ಮಾತಿಗೆ ಬೆಲೆ ಕೊಡಲೇಬೇಕು. "ಮೀನನ್ನೇ ಕೇಳಿ ಮಾವ, ಅಮ್ಮನ ಬಾಣಲೆ ಬೇಕಾ, ವಾಪಸ್ ಕೆರೆ ಬೇಕಾ ಅಂತ." ಹಿಡಿಯುವವನ ಉದ್ದೇಶ ಊಟವೋ ಆಟವೋ ಎನ್ನುವುದು ಮೀನಿಗೆ ಸಂಬಂಧಪಡದ ಸಂಗತಿ. ಉದ್ದೇಶದ ಶುದ್ಧಿ ನಮ್ಮ ಚಿಂತೆ. ಬದುಕಿ ಉಳಿಯುವುದು ಅದರ ಚಿಂತೆ. ಉಳಿಯುವ ಸಾಧ್ಯತೆ ಹೆಚ್ಚಿಸುವುದು ಗಟ್ಟಿ ರೀಲು, ಒಂಟಿ ಗಾಳ, ನೀರಿನೊಳಗೇ ಇಟ್ಟು ಬಿಡಿಸುವುದು ಇಂಥ ಯಃಕಶ್ಚಿತ್ ಕೆಲಸಗಳೇ ಹೊರತು ಮನಸ್ಸಿನ ಭಾವನೆಯಲ್ಲ.

ಆಟದ ಪರವಾಗಿ ಇನ್ನೊಂದು ವಾದವಿದೆ. ಅದಕ್ಕೆ ನಮ್ಮ ಕಾವೇರಿಯೇ ಸಾಕ್ಷಿ. ಕಾವೇರಿ ಕಣಿವೆಯ ಡುಬ್ಬದ ಮಹಶೀರ್, ಅಲ್ಲಿಯವರ ಬಿಳಿಮೀನು, ಗಾಳಗಾರರ ಲೋಕದಲ್ಲಿ ದೊಡ್ಡ ಹೆಸರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದ ಒಬ್ಬರು ಕಬಿನಿಯಲ್ಲಿ 120 ಪೌಂಡಿನದನ್ನು ಹಿಡಿದಿದ್ದರು. 1972ರಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ನದಿಯ ಒಂದು ಭಾಗವನ್ನು ನೋಡಿಕೊಂಡಿತು. ಗಾಲಿಬೋರೆ, ಭೀಮೇಶ್ವರಿಗಳಲ್ಲಿ ಹಿಡಿದು ಬಿಡುವ ಗಾಳದ ಶಿಬಿರಗಳು ನಡೆದವು. ಹಿಂದೆ ಸಿಡಿಮದ್ದು ಹಾಕಿ ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರು ಅಲ್ಲಿ ಗೈಡುಗಳಾಗಿ, ಕಾವಲುಗಾರರಾಗಿ ಸಂಬಳ ಪಡೆದರು. ಕಾವೇರಿ ವನ್ಯಜೀವಿ ಧಾಮದೊಳಗೆ ಗಾಳವೂ ಬೇಟೆಯೇ ಎಂಬ ನಿಲುವಿನಿಂದ 2012ರ ಹೊತ್ತಿಗೆ ಅದೆಲ್ಲ ನಿಂತಿತು. ನಾವಿದ್ದಾಗ ಮೀನೂ ಇತ್ತು, ನಾವು ಹೋದ ಮೇಲೆ ಸಿಡಿಮದ್ದು ಬಂತು ಎಂದು ಗಾಳಗಾರರು ಹೇಳುತ್ತಾರೆ. ತಳ್ಳಿಹಾಕುವ ಮಾತಲ್ಲ. ಅದೇ ಜನ, ಒಳ್ಳೆಯ ಉದ್ದೇಶದಿಂದಲೇ, ಮರಿಕೇಂದ್ರದಲ್ಲಿ ಬೆಳೆಸಿದ ನೀಲಿರೆಕ್ಕೆಯ ಬೇರೆ ಜಾತಿಯ ಮಹಶೀರನ್ನು ತಂದು ಕಾವೇರಿಗೆ ಬಿಟ್ಟಿದ್ದರು. ಅದು ಹೆಚ್ಚುತ್ತ ಹೋದಂತೆ ಡುಬ್ಬದ ಮೀನು ಇಳಿಯುತ್ತ ಹೋಯಿತು. ಹಾಗೆಂದು ತಿಳಿದದ್ದೂ 1998ರಿಂದ 2012ರವರೆಗೆ ಗಾಳಗಾರರೇ ಶಿಬಿರದಲ್ಲಿ ಬರೆದಿಟ್ಟ ಲೆಕ್ಕದ ಪುಸ್ತಕಗಳಿಂದ. ಅಷ್ಟು ದೊಡ್ಡ ಹೆಸರಿನ ಮೀನು ಯಾವ ಪ್ರಭೇದ ಎಂದು ಖಚಿತವಾದದ್ದು 2018ರಲ್ಲಿ, ಟಾರ್ ರೆಮಾದೇವಿ ಎಂದು. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು.

ಈ ವಾದವನ್ನು ನಾನು ಪೂರ್ತಿ ಒಪ್ಪದಿದ್ದರೂ ಅಲ್ಲಗಳೆಯಲಾರೆ. ಕಾರಣ ನಮ್ಮ ಮನೆಯ ಹತ್ತಿರದ ಹೊಳೆ. ಮಾರೇನಹಳ್ಳಿಯ ನಲ್ಲಿಗೆ ಬರುವುದು ಕಾವೇರಿ. ಬಚ್ಚಲಿನಿಂದ ಹೊರಟರೆ ಅದು ವೃಷಭಾವತಿ. ನಾಯಂಡಹಳ್ಳಿಯ ಹತ್ತಿರ ಮೂಗು ಮುಚ್ಚಿಕೊಂಡು ದಾಟುತ್ತೇವೆ. ಅದು ಬೈರಮಂಗಲ ಕೆರೆ ಹೊಕ್ಕು, ಅರ್ಕಾವತಿ ಸೇರಿ, ಸಂಗಮದಲ್ಲಿ ಮತ್ತೆ ಕಾವೇರಿಗೇ ಬೀಳುತ್ತದೆ. ಇಲ್ಲಿ ಯಾರೂ ಗಾಳ ಹಾಕುವುದಿಲ್ಲ, ಯಾವ ನಿಷೇಧವೂ ಬೇಕಾಗಿಲ್ಲ. ಒಂದು ಮೀನಿನ ತುಟಿಗೂ ಗಾಳ ಚುಚ್ಚದ ಲಕ್ಷಾಂತರ ಜನ ಸೇರಿ ಒಂದು ಹೊಳೆಯ ಮೀನನ್ನೆಲ್ಲ ಮುಗಿಸಿದ್ದೇವೆ. ನಮ್ಮಲ್ಲಿ ಹಲವರು ಶುದ್ಧ ಸಸ್ಯಾಹಾರಿಗಳು. ಇದರಿಂದ ಗಾಳ ಹಾಕುವುದು ಸರಿ ಎಂದೇನೂ ಆಗುವುದಿಲ್ಲ. ಮೀನಿನ ಸಂಕಟ ಬರೀ ಗಾಳಗಾರನ ತಲೆನೋವು ಎನ್ನುವ ನೆಮ್ಮದಿ ಮಾತ್ರ ಹೋಗುತ್ತದೆ.

ಇನ್ನು ಮಳೆಗಾಲದ ಸಂಗತಿ. ಕೊರಮೀನು ಮರಿ ಮಾಡುವ ಕಾಲವದು. ಸಾವಿರಾರು ಕೆಂಪು ಮರಿಗಳು ಒಂದು ಉಂಡೆಯಾಗಿ ಈಜುತ್ತವೆ. ಅವೂ ಗಾಳಿಗೆ ಮೇಲೆ ಬರಬೇಕು, ಒಟ್ಟಿಗೇ ಬರುತ್ತವೆ; ನೀರಿನ ಮೇಲೆ ಒಂದೇ ಕಡೆ ಸಣ್ಣ ಮಳೆ ಬಿದ್ದ ಹಾಗೆ ಕಾಣುತ್ತದೆ. ಅವುಗಳ ಕೆಳಗೆ ತಂದೆಯೋ ತಾಯಿಯೋ ಇದ್ದೇ ಇರುತ್ತದೆ. ಆಗ ರಬ್ಬರ್ ಕಪ್ಪೆಯನ್ನು ಆ ಉಂಡೆಯ ಮೇಲೆ ಎಳೆದರೆ ದೊಡ್ಡ ಮೀನು ಕಚ್ಚದೆ ಬಿಡುವುದಿಲ್ಲ. ಹಸಿವಿಗೆ ಕಚ್ಚುವುದಲ್ಲ, ಮರಿಗಳ ಮೇಲೆ ಬಂದ ಕಪ್ಪೆಯನ್ನು ಓಡಿಸಲು, ಕೊಲ್ಲಲು ಬರುತ್ತದೆ. ಲೂರ್ ಹಾಕುವವರಿಗೆ ಇದಕ್ಕಿಂತ ಸುಲಭದ ದಿನಗಳಿಲ್ಲ. ಫೋನಿನಲ್ಲಿ ಓಡಾಡುವ ದೊಡ್ಡ ದೊಡ್ಡ ಕೊರಮೀನಿನ ವಿಡಿಯೋಗಳಲ್ಲಿ ಎಷ್ಟೋ ಈ ದಿನಗಳವು.

ಹಸಿವಿಗೆ ಹುಸಿ ತೋರಿಸುವುದಕ್ಕೂ ಮಮತೆಗೆ ಹುಸಿ ತೋರಿಸುವುದಕ್ಕೂ ವ್ಯತ್ಯಾಸವಿದೆಯೇ? ಮೀನಿನ ನಡತೆಗೆ ಮಮತೆ ಎಂಬ ಮನುಷ್ಯರ ಪದ ಹಚ್ಚಬಹುದೇ ಎಂದು ಹುಡುಗ ತಕರಾರು ಎತ್ತಿದ. ಪದ ಬಿಡು, ಫಲ ನೋಡು ಎಂದೆ. ದೊಡ್ಡ ಮೀನನ್ನು ಹಿಡಿದು, ಗಾಳ ಬಿಡಿಸಿ, ಫೋಟೋ ತೆಗೆದು ಬಿಡುವ ಐದು ನಿಮಿಷದಲ್ಲಿ ಕಾವಲಿಲ್ಲದ ಆ ಉಂಡೆಗೆ ಸುತ್ತಲ ಮೀನುಗಳು ಬಾಯಿ ಹಾಕುತ್ತವೆ. ಕೆನಡಾದ ಒಂಟಾರಿಯೊದಲ್ಲಿ ಗೂಡು ಕಾಯುವ ಬಾಸ್ ಮೀನಿನ ಕಾಲ ಮುಗಿಯುವವರೆಗೆ ಅದರ ಬೇಟೆಗೆ ರಜೆ ಇಡುವುದು ಇಂಥ ಕಾರಣಕ್ಕೇ. ಬಿಟ್ಟುಬಿಟ್ಟೆ, ಎಲ್ಲ ಮೊದಲಿನಂತಾಯಿತು ಎನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ. ಎಂಥ ರೀಲು ತಂದರೂ ನಿಲ್ಲುವುದಿಲ್ಲ.

ಗುತ್ತಿಗೆದಾರರು ಫೋನ್ ಮಾಡಿದ್ದು ಆ ದಿನಗಳಲ್ಲೇ. "ಮರಿ ಎದ್ದವೆ ಸ್ವಾಮಿ. ಏರಿ ಹತ್ರಾನೇ ಅವೆ, ದೊಡ್ಡದು ಕೆಳಗೇ ಐತೆ. ಬನ್ನಿ, ಒಂದೇ ಏಟಿಗೆ ಕಚ್ತದೆ." ಹೋದೆವು. ಏರಿಯ ಮೇಲೆ ನಿಂತು ನೋಡಿದೆವು. ಕೆಂಪು ಉಂಡೆ ಮೇಲೆದ್ದು, ಇಳಿದು, ಎರಡು ಮಾರು ಆಚೆ ಮತ್ತೆ ಎದ್ದಿತು. ಹುಡುಗ ಲೂರ್ ಬಿಚ್ಚಿ ಡಬ್ಬಿಗೆ ಹಾಕಿದ. ನಮ್ಮ ಕಾರಣ ಹೇಳಿದಾಗ ಗುತ್ತಿಗೆದಾರರು ತಾಳ್ಮೆಯಿಂದಲೇ ಕೇಳಿದರು. ಅವರ ಕಣ್ಣಿಗೆ ಅದು ತಾವು ಸಾಲ ತಂದು ಬಿಟ್ಟ ಗೆಂಡೆ ಮರಿಗಳನ್ನು ನಾಳೆ ತಿನ್ನಲಿರುವ ಸಾವಿರಾರು ಬಾಯಿ. "ಆಯ್ತು ಬಿಡಿ, ಸಂಜೆ ಬಲೆ ಬಿಡ್ತೀನಿ" ಎಂದರು.

ತಾವರೆಕೆರೆಯಲ್ಲಿ ಟೀ ಕುಡಿಯುವಾಗ ಹುಡುಗ ಕೇಳಿದ: "ನಾವು ಹಿಡಿದು ಬೇರೆ ಕೆರೆಗೆ ಬಿಟ್ಟಿದ್ರೆ ಅದೊಂದಾದ್ರೂ ಬದುಕ್ತಿತ್ತು. ಮರಿಗಳ ಗತಿ ಹೇಗಿದ್ರೂ ಅದೇ. ಮೀನಿನ ಕಡೆಯಿಂದ ನೋಡಿದ್ರೆ ನಾವು ಸುಮ್ನೆ ಬಂದದ್ದರಿಂದ ಏನಾಯ್ತು?" ಮೀನಿನ ಕಡೆಯಿಂದ ಏನೂ ಆಗಲಿಲ್ಲ ಎಂದೆ. ಬಲೆ ಹಾಕುವವರಿಗೆ ಸಾಲವಿದೆ, ನಮಗೆ ಇದ್ದದ್ದು ಭಾನುವಾರ ಮಾತ್ರ. ಮರಿ ಕಾಯುತ್ತಿರುವುದರ ಮೇಲೆ ಕಪ್ಪೆ ಎಳೆಯಲು ಭಾನುವಾರ ಸಾಕಾಗುವಷ್ಟು ಕಾರಣ ಎಂದು ನನಗೆ ಅನ್ನಿಸುವುದಿಲ್ಲ ಎಂದೆ. "ಹಾಗಾದ್ರೆ ಇದು ನಮ್ಮ ವಿಷಯ, ಮೀನಿಂದಲ್ಲ" ಎಂದ. ಎರಡೂ ಹೌದು ಎಂದು ನಾನು, ಹೇಗೆ ಎಂದು ಅವನು. ಅದು ಇನ್ನೂ ಇತ್ಯರ್ಥವಾಗಿಲ್ಲ. ಮರಿ ಎದ್ದಿರುವಷ್ಟು ದಿನ ಗಾಳ ಮುಟ್ಟುವುದಿಲ್ಲ ಎನ್ನುವಷ್ಟಕ್ಕೆ ಮಾತ್ರ ಒಪ್ಪಿದ್ದೇವೆ. ಆಮೇಲಿನದಕ್ಕೆ, ಡ್ರ್ಯಾಗ್ ಎಷ್ಟು ಬಿಗಿ ಇಡಬೇಕು ಎಂಬಲ್ಲಿಂದ ಮತ್ತೆ ಜಗಳ ಶುರುವಾಗಿದೆ.